ಮೇಲಿನ ಸೇತುವೆಯ ಜೇಕು

ನನಗೊಂದು ಅಭ್ಯಾಸವಿದೆ. ಹಸಿರಾಗಿ, ತೆಳ್ಳಗೆ, ಉದ್ದಕ್ಕೆ ಇರುವ ಏನು ಕೈಗೆ ಸಿಕ್ಕಿದರೂ ಅದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇಟ್ಟು ಹೊರಳಿಸಿ ನೋಡುವುದು. ಸರಾಗವಾಗಿ ಉರುಳಿದರೆ ಹುಲ್ಲು. ಉರುಳದೆ ಬೆರಳಿಗೆ ಮೂರು ಅಂಚು ಒತ್ತಿದರೆ ಜೇಕು. ಇಷ್ಟೇ ವಿಷಯ. ಆದರೆ ದುಬೈಯ ಮಿರ್ದಿಫ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ಎಳೆ ಈರುಳ್ಳಿ, ನಿಂಬೆಹುಲ್ಲು, ಹೆಸರು ಗೊತ್ತಿಲ್ಲದ ಫಿಲಿಪೀನ್ಸಿನ ಸೊಪ್ಪು ಎಲ್ಲವನ್ನೂ ಹೀಗೆ ಹೊರಳಿಸುತ್ತಾ ನಿಂತರೆ ತರಕಾರಿ ತೂಗುವವನು ಒಂದು ಥರ ನೋಡುತ್ತಾನೆ. ಮಗಳು ಅದಿತಿಗೆ ಹದಿನಾಲ್ಕು ವರ್ಷ. ಅವಳು ಟ್ರಾಲಿಯನ್ನು ಅಲ್ಲೇ ಬಿಟ್ಟು ನಾಲ್ಕು ಮಾರು ದೂರ ಹೋಗಿ, ನನಗೂ ಅವಳಿಗೂ ಸಂಬಂಧವೇ ಇಲ್ಲದ ಹಾಗೆ ನಿಲ್ಲುತ್ತಾಳೆ.

“ಅಮ್ಮಾ, ಪ್ಲೀಸ್! ಪೀಪಲ್ ಆರ್ ಲುಕಿಂಗ್.”

“ನೋಡ್ಲಿ. ನಾನೆಂತ ಕದಿಯುದಾ?”

“ಇಟ್ಸ್ ಜಸ್ಟ್ ಆನಿಯನ್, ಅಮ್ಮಾ.”

ಈ ಮೇ ತಿಂಗಳ ಒಂದು ಸಂಜೆ ನನ್ನ ಅಭ್ಯಾಸಕ್ಕೆ ಅಂತೂ ಸ್ವಲ್ಪ ಮರ್ಯಾದೆ ಸಿಕ್ಕಿತು. ನಮ್ಮ ಕಟ್ಟಡದ ಎದುರಿನ ವಿಲ್ಲಾದಲ್ಲಿ ಫರ್ಜಾನಾ ಇದ್ದಾರೆ. ಭಟ್ಕಳದವರು, ಗಂಡನಿಗೆ ದೇರಾದಲ್ಲಿ ಬಟ್ಟೆ ವ್ಯಾಪಾರ. ಚಾಪೆಯ ಹಾಗೆ ಸುರುಳಿ ಸುತ್ತಿ ಲಾರಿಯಲ್ಲಿ ಬರುವ ಹುಲ್ಲನ್ನು ಅಂಗಳಕ್ಕೆಲ್ಲ ಹಾಸಿಸಿದ್ದರು. ತಿಂಗಳೊಳಗೆ ಆ ಹುಲ್ಲಿನ ನಡುವೆ ಇನ್ನೇನೋ ಎದ್ದು ನಿಂತಿತು. ಶಾಲೆಯಿಂದ ಬರುತ್ತಿದ್ದ ನನ್ನನ್ನು ಅವರು ಗೇಟಿನಲ್ಲೇ ಹಿಡಿದರು.

“ಟೀಚರ್, ನೀವು ಗಿಡದ್ದೇ ಓದಿದ್ದಲ್ವಾ? ಇದು ಎಂತ ಹುಲ್ಲು ನೋಡಿ. ಕಿತ್ತು ಕಿತ್ತು ಸಾಕಾಯ್ತು.”

ಒಂದು ಕಡ್ಡಿ ಕಿತ್ತು ಹೊರಳಿಸಿದೆ. ಮೂರು ಅಂಚು. “ಇದು ಹುಲ್ಲಲ್ಲ ಫರ್ಜಾನಾ, ಜೇಕು. ಮೇಲಿಂದ ಕಿತ್ತರೆ ಪ್ರಯೋಜನ ಇಲ್ಲ, ಅಡಿಯಲ್ಲಿ ಗೆಡ್ಡೆ ಉಂಟು. ಅದು ಅಲ್ಲೇ ಕೂತು ಇನ್ನೂ ನಾಲ್ಕು ಜನರನ್ನು ಕರ್ಕೊಂಡು ಬರ್ತದೆ.”

“ಹಾಗಾದ್ರೆ ನಮ್ಮ ಮನೆಗೆ ವಿಸಿಟ್ ವೀಸಾದಲ್ಲಿ ಬಂದವರ ಹಾಗೇ ಆಯ್ತು!” ಎಂದು ಅವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆಮೇಲೆ ಒಳಗೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದೆ ತಿರುಗಿ ನೋಡಿದರು. “ಖಲಾಸ್ ಮಾಡುದು ಹೇಗೆ ಇದನ್ನ?”

ಹೇಗೆ ಎಂದು ಹೇಳುವ ಬದಲು ನಾನು ಕತೆ ಹೇಳಿದೆ. ಜೇಕಿನ ಮಾತು ಬಂದರೆ ನನಗೆ ಒಂದೇ ಕತೆ, ಇಪ್ಪತ್ತಾರು ವರ್ಷಗಳಿಂದ ಹೇಳಿಕೊಂಡು ಬಂದದ್ದು. ಅವರ ಚಹಾ ತಣ್ಣಗಾಯಿತು, ಅಂಗಳದ ಜೇಕು ಹಾಗೇ ಉಳಿಯಿತು.

ಕತೆಗೆ ಬರುವ ಮುಂಚೆ ಒಂದು ಮಾತು. ಜೇಕಿನ ಪರಿಚಯ ನನಗೆ ಓದಿನಿಂದ ಬಂದದ್ದಲ್ಲ. ಉಡುಪಿಯ ಹತ್ತಿರ ಅಜ್ಜಿಯ ಮನೆಯ ಗದ್ದೆಯ ಬದುವಿನಲ್ಲಿ ಜೇಕು ಬೆಳೆಯುತ್ತಿತ್ತು. ನಾನೂ ಚಿಕ್ಕಮ್ಮನ ಮಗಳೂ ಅದರ ದಂಟನ್ನು ಎರಡು ತುದಿಯಿಂದ ಸೀಳುತ್ತಾ ಬರುತ್ತಿದ್ದೆವು. ಸೀಳು ನಡುವೆ ಬಂದು ಚೌಕ ತೆರೆದುಕೊಂಡರೆ ನೆನೆಸಿದ್ದು ಆಗುತ್ತದೆ, ಹರಿದುಹೋದರೆ ಇಲ್ಲ. ನನಗೆ ಯಾವಾಗಲೂ ಹರಿಯುತ್ತಿತ್ತು. ಅಥವಾ ಅವಳಿಗೆ ಹರಿಯುತ್ತಿತ್ತೇ? ಕಳೆದ ವರ್ಷ ಕೇಳಿದರೆ ಅವಳು, “ಅಂಥ ಆಟ ನಾವು ಆಡ್ಲೇ ಇಲ್ವಲ್ಲ ಅಕ್ಕ” ಎಂದುಬಿಟ್ಟಳು. ನಾನು ದಿನಚರಿ ಬರೆಯುವುದು ಇದಕ್ಕೇ. ನನ್ನ ತಲೆಯ ಮೇಲೆ ನನಗೆ ಭರವಸೆ ಕಡಿಮೆ. ಅದು ಒಳ್ಳೆಯ ತಲೆ, ಆದರೆ ಸ್ವಲ್ಪ ಧಾರಾಳ.

ಈಗ ಕತೆ. ಎಂಎಸ್ಸಿಯ ಎರಡನೆಯ ವರ್ಷ ನಮ್ಮನ್ನು ಹಿಮಾಲಯದ ಲಾಹೌಲ್ ಕಡೆಯ ಒಂದು ನದಿ ಕಣಿವೆಗೆ ಕರೆದುಕೊಂಡು ಹೋಗಿದ್ದರು. ಕರಾವಳಿಯ ಹನ್ನೆರಡು ಮಕ್ಕಳು. ಮರ ಎನ್ನುವುದು ಮುಗಿದುಹೋದ ಎತ್ತರ, ಜೂನ್ ತಿಂಗಳಲ್ಲೂ ಹೊಳೆಯ ಅಂಚಿನಲ್ಲಿ ಕೊಳಕು ಹಿಮ. ನಮ್ಮ ಮೇಷ್ಟ್ರಿಗೆ ಹೂವೆಂದರೆ ಅಷ್ಟಕ್ಕಷ್ಟೆ. ನೀಲಿ, ಹಳದಿ, ಕೆಂಪು ಎಲ್ಲವನ್ನೂ ದಾಟಿ ಅವರು ಕೆಸರಿನ ಪಕ್ಕ ಮಂಡಿಯೂರುತ್ತಿದ್ದರು.

“ಚಂದದ್ದನ್ನು ಯಾರು ಬೇಕಾದ್ರೂ ಗುರುತು ಹಿಡೀತಾರೆ. ಇದನ್ನು ಹಿಡೀರಿ ನೋಡುವ,” ಎನ್ನುತ್ತಿದ್ದರು.

ಅಲ್ಲಿ ಹೊಳೆಯ ದಡದಲ್ಲಿ ಹಿಡಿಗಟ್ಟಲೆ ಜೇಕು. ದೂರಕ್ಕೆ ಎಲ್ಲವೂ ಒಂದೇ. ಹತ್ತಿರ ಹೋದರೆ, ಕ್ಷಮಿಸಿ, ಆಗಲೂ ಎಲ್ಲವೂ ಒಂದೇ. ಮಸೂರ ಕಣ್ಣಿಗೆ ಒತ್ತಿ, ಹೊಟ್ಟೆಯ ಮೇಲೆ ಮಲಗಿ, ಉಸಿರು ಹಿಡಿದು ನೋಡಿದರೆ ಒಂದೊಂದು ಪುಟ್ಟ ಕಾಯಿಯೂ ಒಂದೊಂದು ಚೀಲದೊಳಗೆ ಕುಳಿತಿರುವುದು ಕಾಣುತ್ತದೆ. ಆ ಚೀಲದ ಮೂತಿ ಉದ್ದವೋ ಗಿಡ್ಡವೋ, ಮೇಲೆ ಗೆರೆಗಳಿವೆಯೋ ಇಲ್ಲವೋ, ಬಾಯಿ ಸೀಳಿದೆಯೋ ಎನ್ನುವುದರಲ್ಲಿ ಗಿಡದ ಜಾತಕವೇ ಇರುತ್ತದೆ. ಆದರೆ ಕಾಯಿ ಬಲಿತಿರಬೇಕು. ಎಳೆಯದರಲ್ಲಿ ದೇವರಿಗೂ ಗೊತ್ತಾಗುವುದಿಲ್ಲ. ನಾವು ಹೋದದ್ದು ಎಲ್ಲವೂ ಎಳೆಯದಾಗಿರುವ ಕಾಲಕ್ಕೆ. ಆಮೇಲೆ ನಮಗೆ ಪರೀಕ್ಷೆಯಿತ್ತು, ಗಿಡಗಳಿಗೆ ಇರಲಿಲ್ಲ.

ಕಿತ್ತ ಗಿಡಗಳನ್ನು ಹಳೆಯ ಪೇಪರಿನ ಮಡಿಕೆಯಲ್ಲಿಟ್ಟು ಹಲಗೆಗಳ ನಡುವೆ ಬಿಗಿಯುವುದು, ದಿನವೂ ಒದ್ದೆ ಪೇಪರು ತೆಗೆದು ಒಣಗಿದ್ದು ಹಾಕುವುದು, ಕೊನೆಗೆ ಒಂದೊಂದಕ್ಕೂ ಲೇಬಲ್ ಬರೆಯುವುದು: ಗಿಡ, ಜಾಗ, ದಿನ, ಸಂಗ್ರಹಿಸಿದವರ ಹೆಸರು. ಪೇಪರೆಲ್ಲ ಊರಿಂದ ಕಟ್ಟಿಕೊಂಡು ಹೋದ ಕನ್ನಡ ಪತ್ರಿಕೆಗಳು. ಆ ಚಳಿಯಲ್ಲಿ ಕೂತು ಮಂಗಳೂರಿನ ಸೀರೆ ಅಂಗಡಿಗಳ ಜಾಹೀರಾತು ಓದುತ್ತಾ ಗಿಡ ಬದಲಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಇದು ನಿಜವೇ ಇರಬೇಕು, ಸುಳ್ಳಾಗಿದ್ದರೆ ನಾನು ಇನ್ನೂ ಚಂದದ್ದೇನಾದರೂ ಓದಿಸಿಕೊಳ್ಳುತ್ತಿದ್ದೆ.

ನನ್ನ ಹೆಮ್ಮೆಯ ಭಾಗ ಇನ್ನು ಬರುತ್ತದೆ. ಟೂರಿನ ಕೊನೆಯ ಹೊತ್ತಿಗೆ, ಸೇತುವೆಯ ಬಳಿ, ಒಂದು ಬಂಡೆಯ ನೆರಳಲ್ಲಿ ನಾನೊಂದು ಜೇಕನ್ನು ಕಂಡೆ. ಉಳಿದವುಗಳ ಹಾಗಿರಲಿಲ್ಲ ಅದು. ತೆನೆ ಕಪ್ಪಗೆ, ತಲೆ ತಗ್ಗಿಸಿಕೊಂಡು, ಬೈಸಿಕೊಂಡ ಮಗುವಿನ ಹಾಗೆ. ಬಗ್ಗಿದೆ, ಜಾರಿದೆ, ಒಂದು ಶೂ ಹೊಳೆಗೆ ಬಿತ್ತು. ಶೂ ಹೋದರೂ ಗಿಡ ಬಿಡಲಿಲ್ಲ. ಒಂದು ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕುಂಟುತ್ತಾ ಬಿಡಾರಕ್ಕೆ ಬಂದೆ. ಮೇಷ್ಟ್ರು ಮಸೂರ ಹಿಡಿದು ಬಹಳ ಹೊತ್ತು ನೋಡಿ, “ಇದು ನನಗೆ ಗೊತ್ತಿಲ್ಲ,” ಎಂದರು. ಅವರ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

ಈ ಕತೆಯನ್ನು ನಾನು ಮದುವೆಗೆ ಮುಂಚೆ ಸುಧಾಕರನಿಗೆ ಹೇಳಿದ್ದೇನೆ, ಕೆಲಸದ ಸಂದರ್ಶನದಲ್ಲಿ ಹೇಳಿದ್ದೇನೆ, ಏಳನೆಯ ತರಗತಿಗೆ ವರ್ಷಕ್ಕೊಮ್ಮೆ ಹೇಳುತ್ತೇನೆ. ಪ್ಲಾಸ್ಟಿಕ್ ಚೀಲದ ಭಾಗ ಬಂದಾಗ ಮಕ್ಕಳು ನಗುತ್ತಾರೆ.

ಫರ್ಜಾನಾರಿಗೆ ಹೇಳಿದ ಒಂದು ವಾರದೊಳಗೆ ಲವೀನಾಳ ವಾಯ್ಸ್ ಮೆಸೇಜ್ ಬಂತು. ಲವೀನಾ ಅದೇ ಟೂರಿನಲ್ಲಿದ್ದ ನನ್ನ ಗೆಳತಿ, ಮಂಗಳೂರಿನ ಕೊಂಕಣಿ ಹುಡುಗಿ. ಈಗ ನಾವು ಓದಿದ ವಿಭಾಗದಲ್ಲೇ ಪಾಠ ಮಾಡುತ್ತಾಳೆ. ಅವಳ ಮೆಸೇಜುಗಳು ಯಾವಾಗಲೂ ಐದು ನಿಮಿಷದವು, ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ.

“ವಾರಿ, ಬದುಕಿದ್ದೀಯಾ? ಕೂತ್ಕೊಂಡು ಕೇಳು ಮಾರಾಯ್ತಿ. ಇಲ್ಲಿ ಹಳೇ ಕಪಾಟು ಕ್ಲೀನ್ ಮಾಡುವಾಗ ನಿನ್ನ ಜೇಕು ಸಿಕ್ಕಿತು. ಅದೇ, ಶೂ ಹೋದದ್ದು! ಫೋಟೋ ತೆಗೆದು ಒಬ್ಬರು ದೊಡ್ಡ ಜೇಕು ತಜ್ಞರಿಗೆ ಕಳಿಸಿದೆ. ಅವರಿಗೆ ತಲೆ ತಿರುಗಿದೆ. ಯಾವುದಕ್ಕೂ ಹೊಂದುದಿಲ್ಲ ಅಂತಾರೆ. ಆದ್ರೆ ಕಾಯಿ ಎಳೆಯದು, ಬಲಿತದ್ದು ಬೇಕಂತೆ. ಸಿಕ್ಕಿ, ಹೊಸತೇ ಅಂತ ಆದ್ರೆ ತಂದವರ ಹೆಸರು ಇಡುವ ಅಂತ ಹೇಳಿದ್ರು. ಅಂದ್ರೆ ನಿನ್ನ ಹೆಸರು! ಆಗಸ್ಟಿಗೆ ನಾನೇ ಹೋಗ್ತೇನೆ. ಹತ್ತು ದಿನ ರಜೆ ಉಂಟು. ಈಗ ವಿಷಯ ಎಂತ ಅಂದ್ರೆ, ಲೇಬಲಲ್ಲಿ ನೀನು ‘ಸೇತುವೆಯ ಬಳಿ’ ಅಂತ ಮಾತ್ರ ಬರ್ದಿದ್ದಿ. ಸೇತುವೆ ಎರಡುಂಟು ಅಲ್ಲಿ. ಕೆಳಗಿಂದ ಮೇಲಿನದ್ದಕ್ಕೆ ಅರ್ಧ ದಿನದ ದಾರಿ. ನನ್ನ ಮೊಣಕಾಲಿಗೆ ಒಂದೇ ಸೇತುವೆ ಆಗುದು. ಯಾವುದು ಹೇಳು.”

ಯೋಚಿಸಲೇ ಇಲ್ಲ ನಾನು. ಬಂಡೆ ಕಣ್ಣಿಗೆ ಕಟ್ಟಿದಂತಿತ್ತು, ಸೇತುವೆಯ ಮರದ ಹಲಗೆಗಳೂ. “ಕೆಳಗಿನದ್ದು ಲವೀ. ನೂರಕ್ಕೆ ನೂರು ಕೆಳಗಿನದ್ದು,” ಎಂದು ಹೇಳಿ ಕಳಿಸಿದೆ.

ಸುಧಾಕರನಿಗೆ ಹೇಳಿದ್ದು ತಪ್ಪಾಯಿತು. ಶನಿವಾರ ನಮ್ಮ ಕನ್ನಡದವರು ಎಂಟು ಮನೆಯವರು ಊಟಕ್ಕೆ ಸೇರಿದ್ದಲ್ಲಿ ಅವನು ಕೋರಿ ರೊಟ್ಟಿಯ ಪಾತ್ರೆಯ ಪಕ್ಕ ನಿಂತು ಘೋಷಿಸಿಬಿಟ್ಟ.

“ನಮ್ಮ ವಾರಿಜಾಳ ಹೆಸರಲ್ಲಿ ಹಿಮಾಲಯದಲ್ಲಿ ಒಂದು ಗಿಡ ಬರ್ತಾ ಉಂಟು. ಜೇಕಿಗೆ ಲ್ಯಾಟಿನ್‌ನಲ್ಲಿ ಕೇರೆಕ್ಸ್ ಅಂತೆ. ಕೇರೆಕ್ಸ್ ವಾರಿಜೇ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಅದರಿಂದ ಶುಗರಿಗೆ ಏನಾದರೂ ಔಷಧ ಆಗುತ್ತದೆಯೇ ಎಂದು ಕೇಳಿದರು. ಇನ್ನೊಬ್ಬರು ದನಕ್ಕೆ ಹಾಕಬಹುದೇ ಎಂದರು. ಅದಿತಿ ಕೂಡ, ಅದೂ ಗೆಳತಿಯರ ಮುಂದೆ, “ಶೀ ಈಸ್ ಲೈಕ್, ಗೋಯಿಂಗ್ ಟು ಬಿ ಅ ಪ್ಲಾಂಟ್,” ಎಂದಳು. ಅವಳ ಧ್ವನಿಯಲ್ಲಿ ಇದ್ದದ್ದು ಹೆಮ್ಮೆಯೇ ಎಂದು ಆ ರಾತ್ರಿಯ ದಿನಚರಿಯಲ್ಲಿ ಬರೆದಿದ್ದೇನೆ. ಬರೆದದ್ದರಿಂದ ನಂಬಬಹುದು.

ಅದನ್ನು ಬರೆಯುವಾಗಲೇ ಆ ಟೂರಿನ ನೋಟುಬುಕ್ಕು ನೆನಪಾಯಿತು. ಕರಾಮಾದ ಒಂದು ಕೋಣೆಯಿಂದ ಅಲ್ ನಹ್ದಾಕ್ಕೆ, ಅಲ್ಲಿಂದ ಮಿರ್ದಿಫ್‌ಗೆ, ಮನೆ ಬದಲಿಸಿದಾಗಲೆಲ್ಲ ದಿನಚರಿಗಳ ಪೆಟ್ಟಿಗೆ ನನ್ನ ಜೊತೆ ಬಂದಿದೆ. ಅವುಗಳಲ್ಲಿ ಆ ಒಂದನ್ನು ಮಾತ್ರ ನಾನು ಮತ್ತೆ ತೆರೆದಿರಲಿಲ್ಲ. ತೆರೆಯುವ ಅಗತ್ಯವೇನು, ಕತೆ ಬಾಯಿಗೇ ಬರುತ್ತಿತ್ತಲ್ಲ. ಮರುದಿನ ಬೆಳಿಗ್ಗೆ, ಲವೀನಾಳಿಗೆ ಸೇತುವೆಯ ಬಳಿಯ ಗುರುತುಗಳನ್ನು ವಿವರವಾಗಿ ಬರೆದು ಕಳಿಸುವ ಉತ್ಸಾಹದಲ್ಲಿ ತೆರೆದೆ. ಪೆನ್ಸಿಲ್ ಮಾಸಿತ್ತು, ಆದರೆ ಓದಬಹುದಿತ್ತು.

“ಹೊಟ್ಟೆ ಸರಿ ಇಲ್ಲ. ಇಡೀ ದಿನ ಟೆಂಟಿನಲ್ಲೇ. ಉಳಿದವರೆಲ್ಲ ಮೇಲಿನ ಸೇತುವೆಗೆ ಹೋದರು. ಲವೀನಾ ಕತ್ತಲಾಗುವಾಗ ಬಂದಳು, ಒಂದು ಶೂ ಹೊಳೆಗೆ ಕೊಟ್ಟು. ಕಾಲಿಗೆ ಪ್ಲಾಸ್ಟಿಕ್. ನನಗೆ ನಲವತ್ತೊಂಬತ್ತೇ ಆದದ್ದರಿಂದ ಅವಳ ಜೇಕು ಒಂದು ನನಗೆ ಕೊಟ್ಟಳು. ಬದಲಿಗೆ ಮಿಡಿ ಉಪ್ಪಿನಕಾಯಿ ಬಾಟಲಿ ಅವಳಿಗೆ. ಎಲ್ಲರ ಲೇಬಲ್ ನಾನೇ ಬರೆದೆ. ಕೈ ನೋವು.”

ಸಸ್ಯಶಾಸ್ತ್ರ ಓದದವರಿಗೆ ಇದನ್ನು ಬಿಡಿಸಿ ಹೇಳಬೇಕು. ಪ್ರತಿಯೊಬ್ಬರೂ ಐವತ್ತು ಒಣಗಿಸಿದ ಗಿಡ ಒಪ್ಪಿಸಬೇಕಿತ್ತು, ತಾವೇ ಸಂಗ್ರಹಿಸಿದ್ದು. ಕಡಿಮೆಯಾದರೆ ಹೆಚ್ಚಿದ್ದವರಿಂದ ತೆಗೆದುಕೊಳ್ಳುವುದು, ಬದಲಿಗೆ ಏನಾದರೂ ಕೊಡುವುದು ಎಲ್ಲ ಕಾಲೇಜಿನಲ್ಲೂ ನಡೆಯುತ್ತಿತ್ತು. ಅದು ಮೋಸ ಎಂದು ಯಾರಿಗೂ ಅನಿಸುತ್ತಿರಲಿಲ್ಲ, ನೋಟ್ಸ್ ಹಂಚಿಕೊಂಡ ಹಾಗೆ. ನನ್ನ ಅಕ್ಷರ ಚೆನ್ನಾಗಿದ್ದದ್ದರಿಂದ ಲೇಬಲ್ ಬರೆಯುವ ಕೆಲಸ ನನಗೆ. ಹೊಟ್ಟೆ ಹಿಡಿದುಕೊಂಡು ಬರೆಯುವಾಗ, ಜಾಗದ ಹೆಸರು ಕೇಳುವ ವ್ಯವಧಾನವೂ ಇಲ್ಲದೆ, “ಸೇತುವೆಯ ಬಳಿ” ಎಂದು ಗೀಚಿ ಕೆಳಗೆ ನನ್ನ ಹೆಸರು ಹಾಕಿದ್ದೇನೆ.

ಮೇಲಿನ ಸೇತುವೆಯನ್ನು ನಾನು ನೋಡಿಯೇ ಇಲ್ಲ. ನೋಡಿದ್ದು ಕೆಳಗಿನದ್ದು ಒಂದೇ. ಹಾಗಾಗಿ ನನ್ನ ತಲೆ ಆ ಬಂಡೆಯನ್ನು, ಆ ಜೇಕನ್ನು, ಬೇರೊಬ್ಬಳ ಶೂವನ್ನು ತಂದು ತನಗೆ ಗೊತ್ತಿದ್ದ ಸೇತುವೆಯ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು. ಕಾಲು ತಣ್ಣಗೆ ಕೊರೆದದ್ದು ಕೂಡ ನನಗೆ ನೆನಪಿದೆ ನೋಡಿ. ಯಾರ ಕಾಲೋ!

ಎರಡು ದಿನ ಸುಮ್ಮನಿದ್ದೆ. ಒಳ್ಳೆಯವಳಾಗಿ ತಕ್ಷಣ ಫೋನ್ ಮಾಡಿದೆ ಎಂದು ಬರೆಯಬಹುದಿತ್ತು, ಆದರೆ ಮಾಡಲಿಲ್ಲ. ಒಂದು ಲೆಕ್ಕದಲ್ಲಿ ಹೆಸರು ಇಟ್ಟುಕೊಂಡೇ ಸೇತುವೆ ಮಾತ್ರ ಬದಲಿಸಬಹುದಿತ್ತು: “ಯೋಚಿಸಿದೆ ಲವೀ, ಮೇಲಿನದ್ದಿರಬೇಕು.” ಅವಳು ಮೇಲೆ ಹೋಗುತ್ತಾಳೆ, ಗಿಡ ಸಿಗುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಈ ಉಪಾಯ ನನಗೆ ಹೊಳೆದದ್ದು ಸ್ನಾನ ಮಾಡುವಾಗ. ಟವೆಲ್ಲು ಸುತ್ತಿಕೊಳ್ಳುವವರೆಗೂ ಅದು ಬಹಳ ಒಳ್ಳೆಯ ಉಪಾಯವಾಗಿಯೇ ಇತ್ತು.

ಸುಧಾಕರನ ಮುಂದೆ ನೋಟುಬುಕ್ಕು ಇಟ್ಟೆ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

“ಅಂದ್ರೆ ಆ ಶೂ ನಿಂದಲ್ವಾ?”

“ಅಲ್ಲ.”

“ನಾನು ಆ ಶೂ ಕತೆ ಕೇಳಿಯೇ ನಿನ್ನನ್ನು ಒಪ್ಪಿದ್ದಲ್ವಾ ಮಾರಾಯ್ತಿ?”

“ಈಗ ವಾಪಸ್ ಕೊಡ್ಲಿಕ್ಕೆ ಆಗುದಿಲ್ಲ. ಮುಂದೆ ಹೇಳು.”

ಅವನು ಸ್ವಲ್ಪ ಹೊತ್ತು ನಕ್ಕ, ಆಮೇಲೆ ನಗುವುದು ನಿಲ್ಲಿಸಿದ. “ಅವಳ ಮೊಣಕಾಲು ಸರಿ ಇಲ್ಲ ಅಂತಲ್ವಾ. ಸುಮ್ಮನೆ ಕೆಳಗಿನ ಸೇತುವೆಯಲ್ಲಿ ಹತ್ತು ದಿನ ಹುಡುಕ್ತಾ ಕೂತ್ಕೊಳ್ತಾಳೆ ಅಷ್ಟೆ. ಎಂಟು ಮನೆಯವರಿಗೆ ಬೇಕಾದ್ರೆ ನಾನು ಹೇಳ್ತೇನೆ.”

“ಬೇಡ. ನೀನು ಹೇಳಿದ್ದೇ ಸಾಕು.”

ಫೋನ್ ಮಾಡಿದೆ. ಲವೀನಾ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ನಾನು ಪೀಠಿಕೆ ಹಾಕದೆ ಆ ಪುಟವನ್ನು ಓದಿ ಹೇಳಿದೆ. ಆ ಕಡೆ ಪೆನ್ನು ಮುಚ್ಚಿದ ಸದ್ದು ಕೇಳಿತು.

“ಆಗ್ಲಿಕ್ಕಿಲ್ಲ,” ಎಂದಳು. “ಶೂ ಹೋದದ್ದು ನಿಂದು. ನನಗೆ ಸರೀ ನೆನಪುಂಟು, ನೀನು ಕುಂಟಿಕೊಂಡು ಬಂದದ್ದು. ನಾನು ಟೆಂಟಿನ ಹೊರಗೆ ನಿಂತಿದ್ದೆ.”

“ಟೆಂಟಿನಲ್ಲಿ ಇದ್ದದ್ದು ನಾನು ಲವೀ.”

“ಇಲ್ಲಪ್ಪ. ನೀನು ನೀಲಿ ಸ್ವೆಟರ್ ಹಾಕಿದ್ದಿ.”

“ನೀಲಿ ಸ್ವೆಟರ್ ನಿಂದು. ನಿನ್ನ ಅಮ್ಮ ಹೆಣೆದದ್ದು, ಒಂದು ತೋಳು ಉದ್ದ.”

ಇಪ್ಪತ್ತಾರು ವರ್ಷ ನನ್ನ ಬಾಯಿಂದ ಆ ಕತೆ ಕೇಳಿ ಕೇಳಿ ಅವಳು ತನ್ನ ಒದ್ದೆ ಕಾಲನ್ನೇ ನನಗೆ ಬಿಟ್ಟುಕೊಟ್ಟಿದ್ದಳು. ಕದ್ದವಳಿಗೆ ಕದ್ದದ್ದು ಗೊತ್ತಿಲ್ಲ, ಕಳಕೊಂಡವಳಿಗೂ ಗೊತ್ತಿಲ್ಲ. ಇಂಥ ಕಳ್ಳತನಕ್ಕೆ ಯಾವ ಪೊಲೀಸ್ ಸ್ಟೇಷನ್ನಿಗೆ ಹೋಗುವುದು?

“ಡೈರಿಯಲ್ಲಿ ನೀನು ಸುಳ್ಳು ಬರ್ದಿದ್ರೆ?” ಎಂದು ಕೊನೆಗೆ ಕೇಳಿದಳು.

“ಅವತ್ತು ನನಗೆ ಸುಳ್ಳು ಬರೆಯುವಷ್ಟು ತ್ರಾಣ ಇರಲಿಲ್ಲ ಮಾರಾಯ್ತಿ.”

ಅದಕ್ಕೆ ಅವಳು ನಕ್ಕದ್ದು ನನಗೆ ಈಗಲೂ ಕೇಳುತ್ತದೆ. ನಕ್ಕು ಮುಗಿದ ಮೇಲೆ, “ಉಪ್ಪಿನಕಾಯಿ ಮಾತ್ರ ನೆನಪುಂಟು,” ಎಂದಳು. “ಖಾರ ಜಾಸ್ತಿ ಇತ್ತು. ಹಾಗಾದ್ರೆ ಮೇಲಿನ ಸೇತುವೆ?”

“ಮೇಲಿನ ಸೇತುವೆ.”

“ಕುದುರೆ ಮಾಡ್ಬೇಕು ಹಾಗಾದ್ರೆ. ನಾನು ಕುದುರೆ ಮೇಲೆ! ನೋಡಿದವರು ಹೆದರಿ ಓಡ್ಲಿಕ್ಕುಂಟು.” ಹೆಸರಿನ ಬಗ್ಗೆ ಅವಳು ಏನೂ ಹೇಳಲಿಲ್ಲ. ನಾನೇ ಹೇಳಬೇಕಾಯಿತು. “ತಜ್ಞರಿಗೆ ಬರೆ ಲವೀ, ತಂದವಳು ನೀನು ಅಂತ. ಈ ಪುಟದ ಫೋಟೋ ಕಳಿಸ್ತೇನೆ.” ಅವಳು ಹ್ಞೂಂ ಎಂದಳು, ಬಹಳ ಮೆಲ್ಲಗೆ. ಆ ಮೆಲುದನಿಯಿಂದ ಅವಳಿಗೆ ಆಸೆಯಿತ್ತು ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಗಿಡದ ಜೊತೆಗೇ ಇದ್ದವಳು ಅವಳು. ನಾನು ಏಳನೆಯ ತರಗತಿಗೆ ದ್ಯುತಿಸಂಶ್ಲೇಷಣೆ ಹೇಳುತ್ತಾ ದುಬೈಯಲ್ಲಿದ್ದೆ.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಕಾರಿನ ಬಾಗಿಲು ಮುಟ್ಟಲಾಗದಷ್ಟು ಬಿಸಿಲು, ಫೋನಿಗೆ ಎರಡು ಚಿತ್ರ ಬಂತು. ಒಂದರಲ್ಲಿ ಪೇಪರಿನ ಮೇಲೆ ಹರಡಿಟ್ಟ ಆರು ಜೇಕು, ತೆನೆ ಕಪ್ಪಗೆ, ತಲೆ ತಗ್ಗಿಸಿಕೊಂಡು. ಚೀಲಗಳೆಲ್ಲ ಉಬ್ಬಿ ಬಲಿತಿದ್ದವು. ಇನ್ನೊಂದರಲ್ಲಿ ಲೇಬಲ್, ಅವಳ ಕೋಳಿ ಕೆದಕಿದಂಥ ಅಕ್ಷರದಲ್ಲಿ. ಮೇಲಿನ ಸೇತುವೆಯಿಂದ ಇಷ್ಟು ಹೆಜ್ಜೆ, ಬಂಡೆಯ ಯಾವ ಮಗ್ಗುಲು, ಎಲ್ಲವೂ ಇತ್ತು. ಸಂಗ್ರಹಿಸಿದವರು ಎನ್ನುವಲ್ಲಿ ಅವಳ ಹೆಸರು, ಒಂದೇ ಹೆಸರು. ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿ ಆ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಅದು ಹೊಸತೋ ಅಲ್ಲವೋ ಎಂದು ತಜ್ಞರು ಇನ್ನೂ ಹೇಳಿಲ್ಲ. ಜೇಕಿನವರಿಗೆ ಅವಸರ ಇರುವುದಿಲ್ಲ.

ಆ ಶನಿವಾರ, ರಜೆಗೆ ಊರಿಗೆ ಹೋಗದೆ ಉಳಿದ ನಾಲ್ಕು ಮನೆಯವರು ನಮ್ಮಲ್ಲಿ ಸೇರಿದ್ದರು. ಸುಧಾಕರ ಬಾಯಿ ತೆರೆಯುವ ಮುಂಚೆ ನಾನೇ ಶುರು ಮಾಡಿದೆ: ಗಿಡ ಲವೀನಾಳದ್ದು, ಶೂ ಲವೀನಾಳದ್ದು, ಹೊಳೆ ಲವೀನಾಳದ್ದು, ನನ್ನದು ಟೆಂಟು ಮಾತ್ರ. ಮೊದಲು ಯಾರೂ ನಗಲಿಲ್ಲ. ಆಗ ನಾನು, ಟೂರಿನವರೆಲ್ಲ ಮೇಲಿನ ಸೇತುವೆಯಲ್ಲಿ ಚರಿತ್ರೆ ಮಾಡುತ್ತಿದ್ದಾಗ ನಾನು ಕಂಬಳಿ ಸುತ್ತಿಕೊಂಡು ಬಂಡೆಯ ಹಿಂದಕ್ಕೆ ಹನ್ನೊಂದು ಸಲ ಓಡಿದೆ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ಲಾಸ್ಟಿಕ್ ಚೀಲಕ್ಕೂ ಇಷ್ಟು ನಗು ಎಂದೂ ಸಿಕ್ಕಿರಲಿಲ್ಲ.

ರಾತ್ರಿ ಪಾತ್ರೆ ಒರೆಸುವಾಗ ಸುಧಾಕರ ಕೇಳಿದ, “ಹನ್ನೊಂದು ಸಲ ಅಂತ ಡೈರಿಯಲ್ಲಿ ಎಲ್ಲಿತ್ತು?”

ಎಲ್ಲೂ ಇರಲಿಲ್ಲ.